ಮೈಕಿನವರ ಮೇಲೆ ಕೂಗಾಡುವ ಮೊದಲು

ಈಗಷ್ಟೇ ಒಂದು ಸಮಾರಂಭ ಮುಗಿಸಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ವೇದಿಕೆಯ ಮೇಲೆ ಹಿರಿಯರೊಬ್ಬರು ಮಾತಾಡುತ್ತಿದ್ದರು. ಮೊದಲೇ ಮೆಲುದನಿ, ಮೇಲಾಗಿ ಮೈಕನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದರು. ಹಿಂದಿನ ಸಾಲಿನವರು ‘ಕೇಳಿಸ್ತಿಲ್ಲ’ ಅಂದರು. ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತಿದ್ದ ಹುಡುಗ ದನಿ ಏರಿಸಿದ. ಮೈಕ್ ಕುಂಯ್ ಎಂದು ಕಿರುಚಿತು. ತಕ್ಷಣ ಆಯೋಜಕರು ಇನ್ನೊಂದು ಮೈಕ್ ಕೈಗೆತ್ತಿಕೊಂಡು, ತುಂಬಿದ ಸಭೆಯ ಎದುರಿಗೇ, “ರೀ ಮೈಕಿನವ್ರೇ, ನಿದ್ದೆ ಮಾಡ್ತಿದೀರಾ? ದುಡ್ಡು ತಗೊಳ್ಳೋದು ಮಾತ್ರ ಗೊತ್ತಾ?” ಅಂದರು. ಸಭೆ ನಕ್ಕಿತು. ಹುಡುಗ ತಲೆ ತಗ್ಗಿಸಿದ. ಆ ಹಿರಿಯರು ಗಾಬರಿಯಾಗಿ ಎರಡೇ ಮಾತಿನಲ್ಲಿ ಭಾಷಣ ಮುಗಿಸಿ ಕೂತುಬಿಟ್ಟರು.

ನನಗೆ ಮೈ ಉರಿದುಹೋಯಿತು. ಯಾಕೆಂದರೆ ಬೆಳಿಗ್ಗೆ ಅದೇ ಹುಡುಗ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಸ್ಪೀಕರ್ ಬಾಕ್ಸ್‌ಗಳು ವೇದಿಕೆಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿ ಇರಬೇಕು ಅಂದಿದ್ದ. ಬ್ಯಾನರ್ ಮರೆಯಾಗುತ್ತೆ, ಫೋಟೋ ಕೆಡುತ್ತೆ ಎಂದು ಅವನ್ನು ವೇದಿಕೆಯ ಹಿಂದಕ್ಕೆ ತಳ್ಳಿಸಿದವರು ಇದೇ ಆಯೋಜಕರು. ಮೈಕಿನ ಮುಖ ಮಾತಾಡುವವರ ಬಾಯಿಯ ಕಡೆ, ಅಂದರೆ ವೇದಿಕೆಯ ಹಿಂಬದಿಗೇ ತಿರುಗಿರುತ್ತದೆ. ಬಾಕ್ಸ್ ಅಲ್ಲೇ ಇದ್ದರೆ ಅದರ ದನಿ ನೇರವಾಗಿ ಮೈಕಿನೊಳಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ಬಾಕ್ಸಿಗೆ, ಮತ್ತೆ ಮೈಕಿಗೆ. ಸುತ್ತಿ ಸುತ್ತಿ ಬೆಳೆದು ಕಿರುಚುವುದು ಅದೇ. ಬಾಯಿಂದ ಮೈಕ್ ಎರಡರಷ್ಟು ದೂರವಾದರೆ ಅದಕ್ಕೆ ಸಿಗುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆ ಕೊರತೆ ತುಂಬಲು ಏರಿಸಲೇಬೇಕು, ಏರಿಸಿದರೆ ಕಿರುಚುತ್ತದೆ. ಅವನಾದರೂ ಏನು ಮಾಡಬೇಕಿತ್ತು?

ನಾನು ಎಷ್ಟೋ ವರ್ಷದಿಂದ ಕಾರ್ಯಕ್ರಮಗಳ ನಿರೂಪಣೆ ಮಾಡುತ್ತಿದ್ದೇನೆ. ಎಲ್ಲ ಕಡೆ ಇದೇ ಕಥೆ. ಹಾಲ್, ಆಹ್ವಾನ ಪತ್ರಿಕೆ, ಫೋಟೋದವರು ಎಲ್ಲ ಮೊದಲೇ ಗೊತ್ತಾಗಿರುತ್ತಾರೆ. ಸೌಂಡಿನವರು, ಪರದೆ ಪ್ರೊಜೆಕ್ಟರಿನವರು ನೆನಪಾಗುವುದು ಇನ್ನೆರಡು ದಿನ ಇದೆ ಎನ್ನುವಾಗ. ಆಗಲೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ತಗೊಳ್ತೀರಿ? ಹಾಲ್ ನೋಡೋಕೆ ಬರ್ತೀರಾ, ಕಾರ್ಯಕ್ರಮ ಮುಗಿಯೋವರೆಗೂ ಮಿಕ್ಸರ್ ಮುಂದೆ ಯಾರು ಕೂತಿರ್ತಾರೆ, ಒಂದು ಮೈಕ್ ಕೈಕೊಟ್ಟರೆ ಇನ್ನೊಂದು ಇದೆಯಾ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕಡೆಯಿಂದ ಏನಾದರೂ ಹೇಳುತ್ತೇವಾ? ಅದೂ ಇಲ್ಲ. ಸಂವಾದಕ್ಕೆ ಐದು ಜನ ಕೂರುತ್ತಾರೆ, ನಡುವೆ ವೀಡಿಯೊ ಇದೆ, ಒಬ್ಬರು ಆನ್‌ಲೈನ್‌ನಲ್ಲಿ ಬರುತ್ತಾರೆ ಎನ್ನುವುದೆಲ್ಲ ಅವರಿಗೆ ಗೊತ್ತಾಗುವುದು ಅತಿಥಿಗಳು ಬಂದು ಕೂತ ಮೇಲೆ. ಆಗ ಕೈಗೊಂದು ಪೆನ್‌ಡ್ರೈವ್ ತುರುಕುತ್ತೇವೆ. ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಚೌಕಗಳಾಗಿ ಕಾಣುತ್ತವೆ. ವೇದಿಕೆಯ ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ 30 ಮೀಟರ್ ಅಂತರ ಇರುತ್ತದೆ. ಚಿತ್ರವನ್ನು ಪ್ರೊಜೆಕ್ಟರಿಗೆ ಒಯ್ಯುವ ಸಾಮಾನ್ಯ ಎಚ್‌ಡಿಎಂಐ ಕೇಬಲ್ಲನ್ನು 15 ಮೀಟರ್ ದಾಟಿದ ಮೇಲೆ ನಂಬುವ ಹಾಗಿಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ಅದಕ್ಕೆ ಬೇಕಾದ್ದನ್ನು ತರುತ್ತಿದ್ದರು.

ಚಿಕ್ಕ ಕಾರ್ಯಕ್ರಮಕ್ಕೆ ಇಷ್ಟೆಲ್ಲ ಯಾಕೆ, ಹಾಲಿನಲ್ಲೇ ಮೈಕ್ ಇರುತ್ತಲ್ಲ, ನಮ್ಮ ಹುಡುಗರೇ ನೋಡಿಕೊಳ್ತಾರೆ ಎನ್ನುವವರಿದ್ದಾರೆ. ಒಬ್ಬರು ನಿಂತು ಮಾತಾಡುವುದಾದರೆ ಸರಿ, ಒಪ್ಪಿದೆ. ನಾಲ್ಕು ಕಾರ್ಡ್‌ಲೆಸ್ ಮೈಕು, ಒಂದು ವೀಡಿಯೊ ಸೇರಿತೋ, ಆ ‘ನಮ್ಮ ಹುಡುಗರು’ ಫೋಟೋಗೆ ನಿಂತಿರುತ್ತಾರೆ, ಇಲ್ಲಿ ಮೈಕಿನ ಬ್ಯಾಟರಿ ಸತ್ತಿರುತ್ತದೆ.

ನಾನೂ ಈ ತಪ್ಪು ಮಾಡಿದವಳೇ. ಎಂಟು ವರ್ಷದ ಹಿಂದೆ ನಮ್ಮ ಮೇಷ್ಟ್ರ ಉಪನ್ಯಾಸ ಏರ್ಪಡಿಸಿದ್ದೆ. ಎಲ್ಲರಿಗಿಂತ ಕಡಿಮೆ ದುಡ್ಡು ಹೇಳಿದ ಸೌಂಡಿನವರನ್ನು ಗೊತ್ತು ಮಾಡಿದೆ. “ಮೇಡಂ, ರೆಕಾರ್ಡಿಂಗಿಗೆ ಬೇರೆ ಮಷೀನು, ಇನ್ನೊಬ್ಬ ಮನುಷ್ಯ ಬೇಕು” ಎಂದು ಅವರು ಹೇಳಿದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಾಕು ಅಂದೆ. ಮಿಕ್ಸರಿಗೆ ಒಂದು ಕಡೆಯ ಕರೆಂಟು, ಚಾರ್ಜರಿಗೆ ಇನ್ನೊಂದು ಕಡೆಯದು, ಅರ್ತಿಂಗ್ ತೊಂದರೆಯಾಗಿ ಒಂದೂವರೆ ಗಂಟೆಯೂ ಗುಂಯ್ ಅನ್ನುವ ಸದ್ದೇ ತುಂಬಿಕೊಂಡಿತು. ಅವತ್ತು ಅವರ ಮೇಲೆ ನಾನು ಬಾಯಿಗೆ ಬಂದಂತೆ ಕೂಗಾಡಿದ್ದೆ. ಮರುವರ್ಷ ಮೇಷ್ಟ್ರು ಹೋದರು. ಆ ಫೈಲ್ ಇನ್ನೂ ನನ್ನ ಹತ್ತಿರ ಇದೆ. ಆಗಾಗ ಹಾಕಿ ಕೇಳುತ್ತೇನೆ. ಸ್ಪಷ್ಟವಾಗಿ ಗುರುತು ಸಿಗುವುದು ಅವರ ಕೆಮ್ಮು ಮಾತ್ರ. ಕ್ಷಮೆ ಕೇಳೋಣವೆಂದು ಆ ಸೌಂಡಿನವರನ್ನು ಹುಡುಕಿದೆ, ಸಿಗಲಿಲ್ಲ.

ಅದಕ್ಕೇ ಇವತ್ತು ಎಲ್ಲರೂ ಹೋಗುವವರೆಗೂ ಕಾದೆ. ಹುಡುಗ ನೆಲಕ್ಕೆ ಅಂಟಿಸಿದ್ದ ಟೇಪನ್ನು ಒಂದೊಂದಾಗಿ ಬಿಡಿಸಿ, ಕೇಬಲ್ಲು ತಿರುಚಿಕೊಳ್ಳದ ಹಾಗೆ ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ ಸುತ್ತುತ್ತಿದ್ದ. ಮುಂದಿನ ತಿಂಗಳು ನಾನು ನಿರೂಪಣೆ ಮಾಡುವ ಕಾರ್ಯಕ್ರಮವಿದೆ, ಏನೇನು ಬೇಕು ಅಂತ ಕೇಳಿದೆ. “ಹಿಂದಿನ ದಿನ ಒಂದು ಗಂಟೆ ಖಾಲಿ ಹಾಲ್ ಕೊಡಿಸಿ ಅಕ್ಕಾ, ಸಾಕು” ಅಂದ. ಅವನ ನಂಬರ್ ತಗೊಂಡಿದ್ದೇನೆ. ಆ ಒಂದು ಗಂಟೆ ಕೊಟ್ಟರೆ ಮಾತ್ರ ನಾನು ಬರುತ್ತೇನೆ ಎಂದು ಆ ಕಾರ್ಯಕ್ರಮದವರಿಗೆ ದಾರಿಯಿಂದಲೇ ಫೋನ್ ಮಾಡಿ ಹೇಳಿಯೂ ಆಯಿತು.