ಅರವತ್ತೊಂದನೆಯ ಮಗು ಮತ್ತು ಹೆಚ್ಚುವರಿ ಮೇಷ್ಟ್ರು

ಅನ್ನ ಹೆಚ್ಚಾದರೆ ಮಿಕ್ಕಿತು ಅನ್ನುತ್ತೇವೆ. ಮರುದಿನ ಅದೇ ಚಿತ್ರಾನ್ನ. ಸಾರಿಗೆ ಉಪ್ಪು ಬಿದ್ದರೆ ಜಾಸ್ತಿ. ಮಗನ ಮಾತು ಹೆಚ್ಚಾದರೆ ಅತಿಯಾಯ್ತು. ಸರ್ಕಾರಿ ಕಡತದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಪದ, ಹೆಚ್ಚುವರಿ. ಅದರ ಅರ್ಥ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ.

ಜಿಲ್ಲಾಧಿಕಾರಿ ಕೂತರೆ ಅಂತಸ್ತು: ಕಾರು, ಚಾಲಕ, ಬಾಗಿಲಿಗೆ ಫಲಕ. ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರು ಎಷ್ಟು ಜನರಿದ್ದರೂ ಒಬ್ಬರೂ ಹೆಚ್ಚಾಗುವುದಿಲ್ಲ. (ಇದೂ ಸಾಲದೆಂದು ‘ಅಪರ ಮುಖ್ಯ ಕಾರ್ಯದರ್ಶಿ’ ಎಂದು ಬರೆಯುತ್ತಾರೆ. ಅಪರ ಎಂದರೆ ಮನೆಗಳಲ್ಲಿ ಸತ್ತವರಿಗೆ ಮಾಡುವ ಕರ್ಮ ಎಂದು ವಿಧಾನಸೌಧಕ್ಕೆ ಯಾರೂ ಹೇಳಿದಂತಿಲ್ಲ.)

ಅದೇ ಪದದ ಪಕ್ಕ ಪ್ರಾಥಮಿಕ ಶಾಲೆ ಮೇಷ್ಟ್ರು ಕೂತರೆ ಗಂಟುಮೂಟೆ ಕಟ್ಟಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ: ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ದಾಖಲೆಯಲ್ಲಿ 61ನೇ ಹೆಸರು ಇರುವ ತನಕ ಮೂರನೆಯ ಮೇಷ್ಟ್ರು ಬೇಕಾದವರು. ಆ ಮಗುವಿನ ಅಪ್ಪ-ಅಮ್ಮ ಗುಳೆ ಹೊರಟು ಟಿಸಿ ಒಯ್ದರೋ, ಮುಂದಿನ ಎಣಿಕೆಯಲ್ಲಿ ಆ ಮೇಷ್ಟ್ರೇ ಹೆಚ್ಚುವರಿ. ಅನುಸೂಚಿ ತಲೆ ಎಣಿಸುತ್ತದೆ, ತರಗತಿ ಎಣಿಸುವುದಿಲ್ಲ. ಉಳಿದ ಇಬ್ಬರಲ್ಲಿ ಒಬ್ಬರು ನಲಿಕಲಿ ಪದ್ಧತಿಯ ಒಂದರಿಂದ ಮೂರನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳಬೇಕು, ಇನ್ನೊಬ್ಬರಿಗೆ ನಾಲ್ಕು ಮತ್ತು ಐದು. ನಡುವೆ ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ, ಸಾಲದ್ದಕ್ಕೆ ಮತದಾರರ ಪಟ್ಟಿ. ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿ ಒಬ್ಬರ ತಲೆಗೆ. ಕಡತದ ಪ್ರಕಾರ ಆ ಶಾಲೆಯಲ್ಲಿ ಕೊರತೆಯೇ ಇಲ್ಲ.

ಇತ್ತ ಬೇರೆ ಶಾಲೆಗಳ ಖಾಲಿ ಹುದ್ದೆಗೆ ‘ಅತಿಥಿ ಶಿಕ್ಷಕರು’ ಬರುತ್ತಾರೆ. ಕಾಯಂ ಇದ್ದವರು ಹೆಚ್ಚುವರಿ, ದಿನವೂ ಬಂದು ಪಾಠ ಮಾಡುವವರು ಅತಿಥಿ. ಅತಿಥಿಗೆ ಉಪಚಾರ ಇರಲಿ, ಗೌರವಧನವೇ ತಿಂಗಳುಗಟ್ಟಲೆ ತಡ.

ಇನ್ನು ತಾಲ್ಲೂಕಿನ ಶಿಕ್ಷಣಾಧಿಕಾರಿ ಹುದ್ದೆಯೇ ಖಾಲಿ ಬಿದ್ದರೆ? ಪಕ್ಕದ ತಾಲ್ಲೂಕಿನವರಿಗೆ ವಹಿಸುತ್ತಾರೆ. ಅಲ್ಲಿ ಒಬ್ಬರೂ ಇಲ್ಲದಿರುವುದಕ್ಕೂ ಹೆಸರು ಅದೇ. ಮೂರನೆಯ ಮೇಷ್ಟ್ರ ಬಿಡುಗಡೆ ಆದೇಶದಲ್ಲಿ ಅವರ ಸಹಿ, ಸಹಿಯ ಕೆಳಗೆ ಮೊಹರು, ಮೊಹರಿನ ಕೆಳಗೆ ಕೈಬರಹದಲ್ಲಿ: ‘ಹೆಚ್ಚುವರಿ ಪ್ರಭಾರ’.