ದುಡ್ಡು ಕೊಟ್ಟು ಕಲ್ಲು ಆರಿಸೋದು

ಅಮೆರಿಕದ ಅರ್ಕಾನ್ಸಾದಲ್ಲಿ, ಮೌಂಟ್ ಐಡಾ ಊರಿನ ಸುತ್ತ, ಶುಲ್ಕ ಕಟ್ಟಿ ಗಣಿಗೆ ಇಳಿದು ಸ್ಫಟಿಕ ಹುಡುಕುವ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ 'ನಮ್ಮಲ್ಲಿ ಇಂಥ ಕಲ್ಲೇ ಇಲ್ಲ' ಅನ್ನುವ ಮಾತು ಮಾತ್ರ ಒಪ್ಪಲಾಗದು. ನಮ್ಮ ಮಂಡ್ಯ ಕಡೆ ಮಳೆ ಬಿದ್ದ ಮಾರನೇ ದಿನ ಹೊಲದ ಬದುವಿನ ಮೇಲೆ ನಡೆದು ನೋಡಿ, ಬಿಳೀ ಬೆಣಚುಕಲ್ಲು ಕಾಲಿಗೇ ಸಿಗುತ್ತದೆ. ಕತ್ತಲಲ್ಲಿ ಎರಡು ಕಲ್ಲು ಜೋರಾಗಿ ಉಜ್ಜಿದರೆ ಮಿಣಕ್ ಅಂತ ಬೆಳಕು, ಜೊತೆಗೆ ಸುಟ್ಟ ವಾಸನೆ. ಹಳ್ಳಿಯಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ ಹೇಳಿ!

ನಮ್ಮ ಬೆಣಚುಕಲ್ಲಾಗಲಿ ಅಲ್ಲಿಯ ಸ್ಫಟಿಕವಾಗಲಿ, ವಸ್ತು ಒಂದೇ, ಸಿಲಿಕಾನ್ ಡೈಆಕ್ಸೈಡ್. ವ್ಯತ್ಯಾಸ ಜಾಗದ್ದು. ಇಲ್ಲಿ ಬಂಡೆಯ ಬಿರುಕಿನ ತುಂಬ ಒತ್ತೊತ್ತಾಗಿ ಬೆಳೆದಿದೆ, ಮುಖ ಮೂಡಲು ಎಡೆಯೇ ಇಲ್ಲ. ಅಲ್ಲಿ ಬಿರುಕಿನೊಳಗೆ ಟೊಳ್ಳು ಉಳಿದಿತ್ತು. ಅದಕ್ಕೇ ಆರು ಮುಖದ, ಮೊನೆಯಿರುವ ಹರಳು.

ಇನ್ನು ಸಿಕ್ಕ ಹರಳನ್ನು 'ನೀರಲ್ಲಿ ತೊಳೆದರೆ ಸಾಕು' ಅಂದಿದ್ದೀರಿ. ಸಾಲದು. ಕೆಮ್ಮಣ್ಣು ಹೋಗುತ್ತದೆ, ಕಬ್ಬಿಣದ ಕಲೆ ಹೋಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ಅದು ವಿಷ, ಹುಷಾರು! ಅಡುಗೆ ಪಾತ್ರೆಗೆ ಸೋಕಿಸಬೇಡಿ. ಕೈಗವಸು ಹಾಕಿ, ಬಯಲಲ್ಲೇ ಮಾಡಿ. ಬಿಸಿ ಆಸಿಡ್‌ನಿಂದ ತೆಗೆದ ಹರಳಿಗೆ ಬಿಸಿಯಿರುವಾಗಲೇ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ, ಪಟ್ಟ ಪಾಡೆಲ್ಲ ಸುಮ್ನೆ ದಂಡ.

ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಕಡೆಯೂ ಇಂಥ ಗಣಿಗಳಿವೆ. ಅಲ್ಲಿ ಕಷ್ಟ ಜಾಸ್ತಿ. ಗಟ್ಟಿ ಡೋಲೋಸ್ಟೋನ್ ಬಂಡೆಯನ್ನು ಸುತ್ತಿಗೆಯಲ್ಲಿ ಒಡೆಯಬೇಕು, ಚೂರು ಕಣ್ಣಿಗೆ ಹಾರದಂತೆ ಕನ್ನಡಕ ಬೇಕೇ ಬೇಕು. ಸಿಗುವುದನ್ನು 'ಹರ್ಕಿಮರ್ ಡೈಮಂಡ್' ಅಂತ ಕರೆದರೂ ಅದು ವಜ್ರ ಅಲ್ಲ, ಎರಡೂ ತುದಿ ಮೊನಚಾದ ಸ್ಫಟಿಕ ಅಷ್ಟೆ. ವಜ್ರ ಅಂತ ಒಡವೆ ಅಂಗಡಿಗೆ ಒಯ್ದರೆ ಕಾಫಿ ಕುಡಿಸಿ ನಗುತ್ತಾ ಕಳಿಸುತ್ತಾರೆ.