ಮಾಗಡಿ ರಸ್ತೆಯಲ್ಲಿ ಸೂರ್ಯ ದಕ್ಷಿಣಕ್ಕೆ ಮುಳುಗುತ್ತಾನೆ

ಬೆಂಗಳೂರಿನಿಂದ ನಮ್ಮ ಊರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರ ಹೋಗಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಸುಂಕದಕಟ್ಟೆ ದಾಟಲು ಹಿಡಿದದ್ದು ಮುಕ್ಕಾಲು ಗಂಟೆ ಮಾತ್ರ. ಮಿಕ್ಕಿದ್ದೆಲ್ಲ ನನ್ನದೇ ಸೋಮಾರಿತನ. ಹಬ್ಬಕ್ಕೆ ಬರುತ್ತೇನೆ ಎಂದು ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿ ಹೇಳಿ, ಕೊನೆಗೆ ಯಾವ ಹಬ್ಬ ಎಂದು ಕೇಳುವುದನ್ನೇ ಅವರು ಬಿಟ್ಟಿದ್ದರು. ಈಗ ಹೋದದ್ದೂ ಪ್ರೀತಿಯಿಂದಲ್ಲ, ತಾತನ ಜಮೀನಿನ ಪೌತಿ ಖಾತೆಗೆ ನನ್ನ ಸಹಿ ಬೇಕಿತ್ತು.

ಹಿಂದಿನ ಸಲ, 2006ರಲ್ಲಿ ಹೋದಾಗ, ಮಾಗಡಿ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ಕಳೆದ ಡಿಸೆಂಬರಿನಲ್ಲಿ ಹೋದಾಗ ಅದು ಬೆಂಗಳೂರು ದಕ್ಷಿಣ ಜಿಲ್ಲೆ. ನಡುವೆ 2007ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆ ಎಂಬ ಕೂಸು ಹುಟ್ಟಿ, ಎದ್ದು ಓಡಾಡಿ, 2025ರ ಮೇ ತಿಂಗಳಲ್ಲಿ ಹೆಸರು ಕಳೆದುಕೊಂಡಿತು. ಹದಿನೆಂಟು ತುಂಬಲು ಮೂರೇ ತಿಂಗಳು ಬಾಕಿ ಇತ್ತು. ಪಾಪ, ಓಟು ಹಾಕುವ ವಯಸ್ಸೂ ಬರಲಿಲ್ಲ. ನಾನು ಅದರ ನಾಮಕರಣಕ್ಕೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ.

ಸುಮನಹಳ್ಳಿಯಲ್ಲಿ ಬಸ್ ಹತ್ತಿ, ಹೊಸ ಹೆಸರಿಗೆ ಮರ್ಯಾದೆ ಕೊಡೋಣವೆಂದು "ಬೆಂಗಳೂರು ದಕ್ಷಿಣಕ್ಕೆ ಒಂದು ಕೊಡಿ" ಎಂದೆ. ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಜಯನಗರದ ಕಡೆಗಾದರೆ ಇಲ್ಲೇ ಇಳಿದುಬಿಡಿ ಸಾರ್, ಇದು ಮಾಗಡಿ ಬಸ್ಸು" ಎಂದು ಸೀಟಿ ಊದಿಯೇಬಿಟ್ಟರು. ಮಾಗಡಿಗೇ ಸ್ವಾಮಿ, ಮಾಗಡಿಗೇ ಎಂದು ಗೋಗರೆದು ಟಿಕೆಟ್ ತೆಗೆದುಕೊಂಡೆ.

ಅವರದೇನು ತಪ್ಪು? ದಾರಿಯಲ್ಲಿ ತಾವರೆಕೆರೆ ಬರುತ್ತದೆ. ಅದು ಬೆಂಗಳೂರು ದಕ್ಷಿಣ ತಾಲ್ಲೂಕು, ಆದರೆ ಬೆಂಗಳೂರು ನಗರ ಜಿಲ್ಲೆ. ಮುಂದೆ ಹೋದಂತೆ ಬೆಂಗಳೂರು ದಕ್ಷಿಣವನ್ನು ಬಿಟ್ಟು ಬೆಂಗಳೂರು ದಕ್ಷಿಣವನ್ನು ಸೇರುತ್ತೇವೆ. ಈ ದಕ್ಷಿಣದವರು ಲೋಕಸಭೆಗೆ ಓಟು ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರವೂ ಒಂದಿದೆ. ಅದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿಲ್ಲ, ಅದೂ ಗ್ರಾಮಾಂತರಕ್ಕೇ ಸೇರಿದೆ. ಇಷ್ಟು ಸಾಲದೆಂದು ಅಳಿದುಳಿದ ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ತೀರ್ಮಾನಿಸಿತು. ಎತ್ತರದಿಂದ ದಿಕ್ಕುಗಳು ಚೆನ್ನಾಗಿ ಕಾಣುತ್ತವೆ. ಆ ಉತ್ತರದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದವರು ಲೋಕಸಭೆಗೆ ಓಟು ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ. ಅರ್ಥವಾಗದವರು ಇನ್ನೊಮ್ಮೆ ಓದುವ ಕಷ್ಟ ತೆಗೆದುಕೊಳ್ಳಬೇಡಿ, ನಾನೂ ನಕ್ಷೆ ಹಾಸಿಕೊಂಡೇ ಬರೆದದ್ದು.

ಆ ನಕ್ಷೆಯಲ್ಲೇ ಕಂಡ ಇನ್ನೊಂದು ಸಂಗತಿ: ಮಾಗಡಿ ಇರುವುದು ವಿಧಾನಸೌಧಕ್ಕೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಸಂಜೆ ಮಾಗಡಿ ರಸ್ತೆಯಲ್ಲಿ ಊರ ಕಡೆ ಗಾಡಿ ಓಡಿಸುವವರನ್ನು ಕೇಳಿ, ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಸೂರ್ಯ ದಕ್ಷಿಣಕ್ಕೆ ಮುಳುಗುತ್ತಾನೆ. ಅವನಿಗೆ ಸುತ್ತೋಲೆ ತಲುಪಿಲ್ಲ, ಅಷ್ಟೆ.

ದೊಡ್ಡಮ್ಮ ಜಗಲಿಯ ಮೇಲೆ ಕುಳಿತು ಅವರೆಬೇಳೆ ಹಿತುಕುತ್ತಿದ್ದರು. ನೆನೆದ ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಬೇಳೆ ಟಪ್ಪನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಅವರು ಕಾಳನ್ನು ನೋಡುತ್ತಲೂ ಇರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಬೆಂಗಳೂರಿನಲ್ಲಿ ಇನ್ನೂ ಬಾಡಿಗೆ ಮನೆಯೇ ಏನಪ್ಪ?"

"ಹೌದು ದೊಡ್ಡಮ್ಮ."

"ಇದೂ ಬೆಂಗಳೂರೇ ಅಂತಲ್ಲ ಈಗ. ಇಲ್ಲಿ ಸ್ವಂತ ಮನೆ ಇಟ್ಟುಕೊಂಡು ಅಲ್ಲಿ ಯಾಕೆ ಬಾಡಿಗೆ ಕಟ್ಟುತ್ತೀಯ?"

ಟಪ್. ಬೇಳೆ ಪಾತ್ರೆಗೆ ಬಿತ್ತು. ಬೆಂಗಳೂರು ಸೇರಿದ ಹುಡುಗ ಎಂದು ಒಂದು ಕಾಲಕ್ಕೆ ಊರಿನಲ್ಲಿ ನನಗಿದ್ದ ಬೆಲೆಯೂ ಅಲ್ಲೇ ಎಲ್ಲೋ ಸಿಪ್ಪೆಯ ರಾಶಿಯಲ್ಲಿ ಬಿತ್ತು.

ಖಾತೆಗಾಗಿ ಟ್ರಂಕು ಇಳಿಸಿದೆವು. ತಾತನ ಕ್ರಯಪತ್ರದಲ್ಲಿ ಬೆಂಗಳೂರು ಜಿಲ್ಲೆ. 1986ರಲ್ಲಿ ಜಿಲ್ಲೆ ಒಡೆದ ಮೇಲೆ ಓದಿದ ನನ್ನ ಅಂಕಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರ. ಅಣ್ಣನ ಮಗಳ ಜಾತಿ ಪ್ರಮಾಣಪತ್ರದಲ್ಲಿ ರಾಮನಗರ. ಅವಳ ಮಡಿಲಲ್ಲಿ ಮಲಗಿದ್ದ ಮೂರು ತಿಂಗಳ ಕೂಸಿನದು ಬೆಂಗಳೂರು ದಕ್ಷಿಣ. ನಾಲ್ಕು ಕಾಗದ, ನಾಲ್ಕು ಜಿಲ್ಲೆ, ಒಂದೇ ಹೆಂಚಿನ ಮನೆ. ಹೆಂಚು ಮಾತ್ರ ಮಂಗಳೂರಿನದು. ಇವರೆಲ್ಲ ಒಂದೇ ವಂಶವೆಂದು ಕಚೇರಿಯಲ್ಲಿ ನಂಬಿಸುವಷ್ಟರಲ್ಲಿ ಐದನೆಯ ಹೆಸರು ಬಾರದಿರಲಿ ಎಂದು ಅಣ್ಣ ರಂಗನಾಥಸ್ವಾಮಿಗೆ ಕೈಮುಗಿದ. ಅಂದಹಾಗೆ, ಬೆಂಗಳೂರು ದಕ್ಷಿಣ ಜಿಲ್ಲೆಯ ಕಚೇರಿಗೆ ಹೋಗಬೇಕಾದವರು ರಾಮನಗರಕ್ಕೇ ಹೋಗಬೇಕು. ಜಿಲ್ಲಾ ಕೇಂದ್ರ ಅದೇ ಆಗಿ ಉಳಿದಿದೆ.

ಹೆಸರು ಬದಲಾಗಿ ಏನು ಬಂತು ಎಂದು ಕೇಳಿದೆ. ಬೆಲೆ ಬಂತು ಎಂದರು ಅಣ್ಣನ ಅಳಿಯ. ಅವರಿಗೆ ಸೈಟು ಮಾರುವ ಉದ್ಯೋಗ. ರಾಗಿ ಹೊಲದಲ್ಲಿ ಹಳದಿ ಬಳಿದ ಕಲ್ಲುಗಳನ್ನು ನೆಟ್ಟು, ಪಕ್ಕದಲ್ಲಿ ಬೆಂಗಳೂರು ದಕ್ಷಿಣದ ಹೃದಯಭಾಗದಲ್ಲಿ ಎಂದು ಫ್ಲೆಕ್ಸ್ ಕಟ್ಟಿದ್ದಾರೆ. ಹೃದಯಭಾಗದಲ್ಲಿ ಆ ಹೊತ್ತು ಎರಡು ಎಮ್ಮೆ ಮೇಯುತ್ತಿದ್ದವು. ವಾರದ ಹಿಂದೆ ಒಬ್ಬರು ಕಾರಿನಲ್ಲಿ ಬಂದು ಹತ್ತಿರದ ಮೆಟ್ರೋ ನಿಲ್ದಾಣ ಎಲ್ಲಿ ಎಂದು ಕೇಳಿದರಂತೆ. ಅಳಿಯ ಸಾವನದುರ್ಗದ ಬಂಡೆಯನ್ನು ತೋರಿಸಿ, ಅದರಾಚೆ ಎಂದರಂತೆ.

ಇತಿಹಾಸ ಬಲ್ಲವರು ಬೇಸರಪಡಬಾರದು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಕಿತ್ತುಕೊಂಡಾಗ ಕೆಂಪೇಗೌಡರ ವಂಶದವರು ಬಂದು ನೆಲೆಸಿದ್ದು ಮಾಗಡಿಯಲ್ಲೇ. ಊರು ಕಟ್ಟಿದ ಮನೆತನಕ್ಕೇ ಮತ್ತೆ ದಕ್ಕದ ಬೆಂಗಳೂರು ಈಗ ಒಂದು ಅಧಿಸೂಚನೆಯಲ್ಲಿ ದಕ್ಕಿತು. ಕತ್ತಿ ಬೇಡ, ಕುದುರೆ ಬೇಡ. ನೀರಿನ ಋಣವೂ ತೀರಿತು ಎನ್ನಿ. ನಮ್ಮ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ 1930ರ ದಶಕದಿಂದ ಬೆಂಗಳೂರಿಗೆ ಕುಡಿಸಿದ ನೀರು ಅಷ್ಟಿಷ್ಟಲ್ಲ. ಕೊಳಚೆ ಬೆರೆತು ಅದು ಕುಡಿಯಲು ಬಾರದಂತಾದ ಮೇಲೆ, ಬೆಂಗಳೂರು ಪ್ರತಿಯಾಗಿ ತನ್ನ ಹೆಸರನ್ನು ಕೊಟ್ಟಿದೆ. ಹೆಸರಿಗೆ ಪೈಪ್‌ಲೈನ್ ಬೇಕಾಗಿಲ್ಲ.

ಹೊರಟಾಗ ದೊಡ್ಡಮ್ಮ ಒಂದು ಚೀಲ ಅವರೆಕಾಯಿ ಕೊಟ್ಟರು. ಇಬ್ಬನಿ ಆರದ ಕಾಯಿ; ಬಸ್ಸಿನ ತುಂಬ ಸೊಗಡು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ವಿಜಯನಗರಕ್ಕೆ ಬಂದು, ಬಾಡಿಗೆ ಏರಿಸುವ ಮಾತು ಈ ವರ್ಷವಾದರೂ ತಡವಾಗಲಿ ಎಂಬ ಆಸೆಯಿಂದ ಅರ್ಧ ಚೀಲವನ್ನು ಮನೆ ಮಾಲೀಕರ ಹೆಂಡತಿಗೆ ಕೊಟ್ಟೆ. ಅವರು ಒಂದು ಕಾಯಿ ಮೂಸಿ ಕಣ್ಣರಳಿಸಿದರು.

"ಮಾಗಡಿ ಅವರೆಯೇ ತಾನೆ?"

ಹೊಸ ಹೆಸರಿನ ಹುರುಪು ನನ್ನಲ್ಲಿ ಇನ್ನೂ ಆರಿರಲಿಲ್ಲ. "ಬೆಂಗಳೂರು ದಕ್ಷಿಣದ್ದು ಅಮ್ಮ" ಎಂದೆ.

ಅವರು ಕಾಯಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಕಡೆಗೆ ತಳ್ಳಿದರು.

"ಸುಮ್ಮನೆ ಯಾಕೆ ತಂದಿರಿ? ಪೇಟೆ ಕಾಯಿ ಇಲ್ಲೇ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ."